ನಿಜವಾದ ವಾಕ್ಯಗಳು ಮಾತ್ರ

ಬಿಸಿಲಿನ ಪಟ್ಟಿ ಬಿಳಿ ಹಲಗೆಯ ಮೇಲೆ ಜಾರುತ್ತ ಜಾರುತ್ತ ಮುಗ್ಧಾ ಬರೆದ ಕೊನೆಯ ಪದವನ್ನು ಮುಟ್ಟಿದೆ, ಅಂದರೆ ಪಾಠ ಮುಗಿಯುವ ಹೊತ್ತು, ಕೊನೆಯ ಪಾಠ, ಟಿಳಕವಾಡಿಯ ಈ ವಾಚನಾಲಯದ ಮಹಡಿಯಲ್ಲಿ ಇನ್ನು ಭಾನುವಾರಗಳಿಲ್ಲ — ಈಗ ವಿನೀತ ಹೇಳಬೇಕು, ಆಮೇಲೆ ಅನುರಾಧಾ, ಆಮೇಲೆ ನಾನು, ಕೊನೆಗೆ ಕಾಲೇಜು ಹುಡುಗ ಅಮರ, ತಲಾ ಒಂದು ಸರಳ ಲ್ಯಾಟಿನ್ ವಾಕ್ಯ, ಎರಡು ಪದವಾದರೂ ಸಾಕು, ಒಂದಾದರೂ ಸಾಕು, ಆದರೆ ಅದು ಈ ಕ್ಷಣ ಈ ಕೋಣೆಯಲ್ಲಿ ನಿಜವಾಗಿರಬೇಕು. ಆ ನಿಯಮ ನನ್ನದು, ನಿವೃತ್ತ ಹೆಡ್‌ಮಾಸ್ಟರನದು. ಮೊದಲ ದಿನ ಮುಗ್ಧಾ, ನನ್ನ ಮಗಳ ವಯಸ್ಸಿನ ಶಿಕ್ಷಕಿ, ಪುಸ್ತಕ ನೋಡಿ ರೈತನು ನಾವಿಕನನ್ನು ಪ್ರೀತಿಸುತ್ತಾನೆ ಎಂದು ಬರೆದಾಗ ನಾನು ಎದ್ದು ನಿಂತು ಕೇಳಿದ್ದೆ, ಯಾವ ರೈತ, ಯಾವ ನಾವಿಕ, ಬೆಳಗಾವಿಯಲ್ಲಿ ಹಡಗು ಎಲ್ಲಿ ನಿಂತಿದೆ ತಾಯಿ, ಕಲಿಯುವವನ ಬಾಯಿಗೆ ಮೊದಲ ದಿನವೇ ಸುಳ್ಳು ತುರುಕಿದರೆ ಅದು ಶಿಕ್ಷಣವೇ — ಮುಂದಿನ ಸಾಲಿನಿಂದ ಒಂದು ದನಿ, ಹಂಗಾದ್ರ ಈ ಕ್ಲಾಸಿನ್ಯಾಗ ಯಾರೂ ಬಾಯೇ ತಗಿಯೂದಿಲ್ಲ ಬಿಡ್ರಿ ಹೆಡ್‌ಮಾಸ್ಟರ್ ಸಾಹೇಬ್ರ, ಮತ್ತು ನಗು, ಅನುರಾಧಾ ಅವರ ನಗು, ಅದನ್ನು ನಾನು ಅಶಿಸ್ತು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ, ಇಂದು ಆ ನಗುವಿಗಾಗಿ ರಾಮತೀರ್ಥ ನಗರದ ನನ್ನ ಮನೆಯ ಗೋಡೆಗಳೂ ಕಿವಿಗೊಟ್ಟು ಕೂತಿರುತ್ತವೆ, ಇದು ಅತಿಶಯೋಕ್ತಿ, ಗೋಡೆಗಳಿಗೆ ಕಿವಿಯಿಲ್ಲ, ಕೂತಿರುವವನು ನಾನು.

ಎಸುರಿಯೋ, ಅಂದ ವಿನೀತ, ಶಹಾಪುರದ ಔಷಧ ಅಂಗಡಿಯವನು, ನನಗೆ ಹಸಿವಾಗಿದೆ, ಖರೇ ಐತೇನ್ರಿ ಎಂದು ಮುಗ್ಧಾ ಕೇಳಿದರೆ ಹೊಟ್ಟಿನs ಕೇಳ್ರಿ ಮೇಡಂ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ಅನುರಾಧಾ ನಗುವಾಗ ಭುಜ ಅಲ್ಲಾಡುತ್ತದೆ, ಪಕ್ಕದ ಕುರ್ಚಿ ಖಾಲಿ. ಕಿಟಕಿಯ ಪಕ್ಕದ ಹಸಿರು ಕುರ್ಚಿ. ಖಾನಾಪುರದಿಂದ ಅವರು ರೈಲಿನಲ್ಲಿ ಬರುತ್ತಾರೆ, ಅಲ್ಲಿ ಸಸಿಗಳನ್ನು ಬೆಳೆಸಿ ಮಾರುತ್ತಾರೆ, ಗಿಡದ ಲ್ಯಾಟಿನ್ ಹೆಸರು ದಿನಾ ಕರೀತೇನ್ರಿ, ಅದು ಏನ್ ಹೇಳತೈತಿ ಅನ್ನೂದು ತಿಳೀಬೇಕಲ್ಲ ಎಂದಿದ್ದರು, ಎಷ್ಟು ನ್ಯಾಯವಾದ ಕಾರಣ, ಆದರೆ ರೈಲಿನ ಆ ಚಾಳಿಯನ್ನೂ ಜೊತೆಗೆ ತಂದರಲ್ಲ, ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಕಿಟಕಿಯೊಳಗೆ ದಸ್ತಿ, ಅಂದರೆ ಕರವಸ್ತ್ರ, ಎಸೆದು ಸೀಟು ಹಿಡಿಯುವ ಚಾಳಿ — ಎರಡನೆಯ ಭಾನುವಾರ ಆ ಕುರ್ಚಿಯ ಮೇಲೆ ನೀಲಿ ಅಂಚಿನ ದಸ್ತಿ ಹಾಸಿತ್ತು, ನಾನು ಎರಡು ಬೆರಳಲ್ಲಿ ಎತ್ತಿ ಅವರ ಕೈಗೆ ಕೊಟ್ಟೆ, ಸಾರ್ವಜನಿಕ ಜಾಗವನ್ನು ಬಟ್ಟೆ ಹಾಕಿ ಹಿಡಿಯುವುದು ಅನ್ಯಾಯ ತಾಯಿ, ಮೊದಲು ಬಂದವರು ಕೂರಲಿ. ಅವರು ಹೂಂ ಅಂದರು, ಮಡಚಿ ಚೀಲಕ್ಕೆ ಹಾಕಿಕೊಂಡರು, ಮತ್ತೆ ಹಾಸಲಿಲ್ಲ. ನಾನು ಹಿಂದಿನ ಬೆಂಚಿಗೆ ಬಂದು ಕೂತೆ, ಸರಿಯಾಗಿಯೇ ಮಾಡಿದೆ, ಈಗಲೂ ಹೇಳುತ್ತೇನೆ, ಸರಿ. ಕಳೆದ ವಾರ ಮೆಟ್ಟಿಲಿಳಿಯುವಾಗ ವಿನೀತ ಅಲ್ಲವೇ ಹೇಳಿದ್ದು, ಸರ್, ಆ ದಸ್ತಿ ನಿಮಗs ಹಾಕಿದ್ರು, ಸರ್ ಕೆಮ್ಮತಾರ, ಗಾಳಿ ಬೇಕು ಅಂತಂದು, ನೀವು ನೋಡಿದ್ರ ಪೊಲೀಸರಂಗ ಜಪ್ತಿ ಮಾಡಿದ್ರಿ. ನಿಯಮ ನಿಯಮವೇ, ನನಗಾಗಿ ಹಾಕಿದರೂ ಅದು ನಿಯಮವೇ, ಆದರೆ ಇಡೀ ವಾರ ನಾನು ಕೆಮ್ಮಿದಾಗಲೆಲ್ಲ ಆ ಕುರ್ಚಿ, ಚಹಾ ಸೋಸುವಾಗ ಆ ಕುರ್ಚಿ, ಇಂದು ಬೇಗ ಬಂದು ಅಲ್ಲೇ ಕೂರಬೇಕೆಂದು ಬಂದವನು ಕರೆಯದೆ ಹೋಗಿ ಕೂರುವುದು ಸಭ್ಯತೆಯಲ್ಲವೆಂದು ಇಲ್ಲೇ ಕೂತೆ, ಮುಂದಿನ ಹಂತದ ತರಗತಿಗೆ ಅನುರಾಧಾ ಬರುವುದಿಲ್ಲವಂತೆ, ಮುಗ್ಧಾಳಿಗೆ ಹೇಳುತ್ತಿದ್ದರು, ಇಷ್ಟ ಸಾಕವ್ವಾ, ಗಿಡಗಳಿಗೆ ನೀರ್ ಹಾಕಾವ್ರಿಲ್ಲ, ಮತ್ತು ನನಗೆ ಖಾನಾಪುರಕ್ಕೆ ಹೋಗಲು ಯಾವ ಕೆಲಸ, ಯಾವ ನೆಪ, ನೆಪ ಸುಳ್ಳಿನ ತಮ್ಮ.

ಅನುರಾಧಾ ಮೇಡಂ, ನೀವು ಹೇಳ್ರಿ. ಅವರು ಯೋಚಿಸುವುದಿಲ್ಲ, ಮುಂದೆ ನೋಡುತ್ತಲೇ ಹೇಳುತ್ತಾರೆ, ಸೆಲ್ಲಾ ವಾಕುವಾ ಎಸ್ತ್. ಕುರ್ಚಿ ಖಾಲಿ ಇದೆ. ಕರ್ತೃ ಸರಿ, ವಿಶೇಷಣ ಸರಿ, ಭೇಷ್ ರೀ ಅನ್ನುತ್ತಾಳೆ ಮುಗ್ಧಾ, ವಿನೀತ ತಿರುಗಿ ನನ್ನನ್ನೇ ನೋಡುತ್ತಾನೆ, ನನ್ನ ಕಿವಿ ಬಿಸಿಯಾಗುತ್ತದೆ — ನಾನು ಸಿದ್ಧಪಡಿಸಿದ್ದು ಕಿಟಕಿ ತೆರೆದಿದೆ ಎಂಬ ವಾಕ್ಯ, ಫೆನೆಸ್ತ್ರಾ ಆಪೆರ್ತಾ ಎಸ್ತ್, ನಿರ್ದೋಷ, ನಿಜ, ಯಾರಿಗೂ ಸಂಬಂಧಿಸಿದ್ದಲ್ಲ, ಆದರೆ ಹೇಳಬೇಕಾದದ್ದು ಸೆದೇಓ ಹೀಕ್, ಇಲ್ಲಿ ಕೂತಿದ್ದೇನೆ, ಇಲ್ಲಿ ಎಂದರೆ ಆ ಕುರ್ಚಿ, ಅದನ್ನು ಈ ಬೆಂಚಿನಿಂದ ಹೇಳಿದರೆ ಸುಳ್ಳಾಗುತ್ತದೆ, ನಿಜವಾಗಬೇಕಾದರೆ ಎದ್ದು ಎಲ್ಲರ ಕಣ್ಣೆದುರು ನಡೆದು ಅಲ್ಲಿ ಕೂತು ಆಮೇಲೆ ಬಾಯಿ ತೆರೆಯಬೇಕು. ಬಸವಪ್ರಸಾದ ಸರ್, ನಿಮ್ಮ ಪಾಳಿ. ಎದ್ದೆ. ಬೆಂಚು ಸದ್ದು ಮಾಡಿತು, ಮೊಣಕಾಲೂ. ಒಂದು ಹೆಜ್ಜೆ ಇಡಬೇಕು, ಮಧ್ಯದಲ್ಲಿ ಅಮರನ ಚೀಲ, ದಾಟಬಹುದು, ಮಕ್ಕಳೂ ದಾಟುತ್ತಾರೆ — ಕುಂತs ಹೇಳ್ರಿ ಸರ್ ಅನ್ನುತ್ತಾಳೆ ಮುಗ್ಧಾ, ಎಲ್ಲರೂ ಕಾಯುತ್ತಾರೆ, ಅನುರಾಧಾ ಕಾಯುತ್ತಾರೆ, ಕತ್ತು ತಿರುಗಿಸದೆ, ಮತ್ತು ನನ್ನ ಬಾಯಿ, ಜೀವಮಾನವಿಡೀ ಸರಿಯುತ್ತರ ಕೊಟ್ಟು ರೂಢಿಯಾದ ಬಾಯಿ, ಸ್ತೋ, ಅಂದಿತು. ನಾನು ನಿಂತಿದ್ದೇನೆ. ಹೌದಲ್ಲ, ಸರ್ ನಿಂತಾರ, ಪೂರಾ ಖರೇ ಐತಿ, ಒಂದs ಪದದಾಗ ಮುಗಿಸಿದ್ರು, ಮುಂದ ಅಮರ, ಅನ್ನುತ್ತಾಳೆ ಮುಗ್ಧಾ — ಅಮರ ಏನೋ ಹೇಳುತ್ತಿದ್ದಾನೆ, ನಾನು ಕೂತಿಲ್ಲ, ಕೂತರೆ ನನ್ನ ವಾಕ್ಯ ಸುಳ್ಳಾದೀತು, ಅನುರಾಧಾ ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು, ಬಿಸಿಲು ಹಲಗೆಯಿಂದ ಇಳಿದು ಹೋಯಿತು, ಕಿಟಕಿಯ ಪಕ್ಕ, ಹಸಿರು, ಅದರ ಮೇಲೆ ಯಾವ ಬಟ್ಟೆಯೂ ಇಲ್ಲ, ಕುರ್ಚಿ, ಖಾಲಿ, ಕುರ್ಚಿ