ಅಂಗಿಯೊಳಗಿನ ಲಾಡಿ

“ಇದರಾಗ ಅತಿ ಏನೈತಿ?”

ಮಾನಪ್ಪ ಕೇಳಿದ್ದು ಯಾರನ್ನೂ ಅಲ್ಲ. ಮುಂದಿದ್ದವು ಕುರಿಗಳು, ಅವಕ್ಕೆ ಜಾಲಿಕಾಯಿಯ ಧ್ಯಾಸ. ಅವನು ಕೂತ, ಎದ್ದ, ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಅತ್ತ ಅವನ ಊರು ಕೆಂಭಾವಿಯಲ್ಲಿ ಮೊಹರಂಗೆ ಬೆಂಕಿ ಹಾಕುವ ಅಲಾಯಿ ಕುಣಿ ತೋಡಿ ಆಗಿತ್ತು.

ಮಗಳು ಮಹಾನಂದಾ ಕೂಸಾಗಿದ್ದಾಗ ಒಮ್ಮೆ ಉಸಿರು ಸಿಕ್ಕಿ ನೀಲಿಗಟ್ಟಿದ್ದಳು. ಕೂಸು ಉಳಿದರೆ ಗಂಡ ಪ್ರತಿ ವರ್ಷ ಮೊಹರಂನಲ್ಲಿ ಪೀರಲ ದೇವರ ಫಕೀರನಾಗುತ್ತಾನೆಂದು ಅವನ ಹೆಂಡತಿ ಬಾಲಮ್ಮ ಹರಕೆ ಹೊತ್ತಳು. ಅಂದಿನಿಂದ ಪೀರಲ ದೇವರ ಪೂಜೆ ಮಾಡುವ ಮುಜಾವರ ಇಸ್ಮಾಯಿಲಸಾಬ ಕುಣಿಯ ಮುಂದೆ ಅವನ ಕೊರಳಿಗೆ ಫಕೀರನ ಗುರುತಿನ ಕೆಂಪು ದಾರ, ಲಾಡಿ, ಕಟ್ಟುವುದು, ಅವನು ಐದು ಮನೆ ಬೇಡಿ ಉಣ್ಣುವುದು ನಡೆದುಬಂದಿತ್ತು. ಈಗ ಅದೇ ಮಗಳು ಚೊಚ್ಚಲ ಹೆರಿಗೆಗೆ ರಂಗಂಪೇಟೆಯಿಂದ ತವರಿಗೆ ಬಂದಿದ್ದಳು.

ಆದರೆ ಮುಂಜಾನೆ ಚಹಾದಂಗಡಿಯಲ್ಲಿ ಓಣಿಯ ಹಣಮಂತ್ರಾಯ ತಮ್ಮ ಓಣಿಯವರ ಮೊಬೈಲ್ ಗ್ರೂಪಿನಲ್ಲಿ ಪ್ರಶ್ನೆ ಹಾಕಿದ್ದ: ನಮ್ಮವರು ಫಕೀರರಾಗಬೇಕೋ, ಬ್ಯಾಡೋ?

“ಹಬ್ಬ ನೋಡ್ರಿ, ಚೋಂಗೆ ತಿನ್ರಿ, ಯಾರ್ ಬ್ಯಾಡ ಅಂತಾರ? ಲಾಡಿ ಕಟಗೊಂಡು ಬೇಡೋದು ಅತಿ ಆತು,” ಎಂದಿದ್ದ.

ಒಬ್ಬರ ಮುಖ ಒಬ್ಬರು ನೋಡುತ್ತ ಎಲ್ಲರೂ ‘ಬ್ಯಾಡ’ ಒತ್ತಿದರು. ಮಾನಪ್ಪನ ಹೆಬ್ಬೆರಳೂ ಒತ್ತಿತು.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿ ಬಾಲಮ್ಮನ ಕಿವಿಗೆ ಬಿದ್ದಿತ್ತು. “ಹರಕಿ ಹೊತ್ತಾಕಿ ನಾ. ನಿನ್ನ ಬೆರಳನ್ನ ಕೇಳಿ ಹೊತ್ತಿಲ್ಲ,” ಎಂದಷ್ಟೇ ಅಂದಳು.

ಸಂಜೆ ಕುರಿಗಳನ್ನು ಹಟ್ಟಿಗೆ ಹೊಡೆದವನೇ ಅವನು ಇಸ್ಮಾಯಿಲಸಾಬನ ಮನೆಗೆ ನಡೆದ. ಮುದುಕ ಹಬ್ಬಕ್ಕೆ ಕೂಡಿಸುವ ದೇವರ ಹಿತ್ತಾಳೆ ಹಸ್ತ, ಪಂಜಾ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

“ಕಾಕಾ, ಲಾಡಿ ಇಲ್ಲೇ ಕಟ್ಟಿಬಿಡ್ರಿ. ಮ್ಯಾಲ ಅಂಗಿ ಗುಂಡಿ ಹಾಕೊಂತೀನಿ. ಯಾರಿಗೂ ಕಾಣಂಗಿಲ್ಲ.”

“ಮತ್ತ ಬೇಡಾಕ ಹೆಂಗ ಹೋಗ್ತಿ? ಮಿಸ್ ಕಾಲ್ ಕೊಡ್ತಿಯೇನು?”

“ನಗಬ್ಯಾಡ್ರಿ. ಊರಾಗ ಏನ್ ಮಾತಾಡಾಕತ್ತಾರ ನಿಮಗ ಗೊತ್ತಿಲ್ಲ.”

“ಗೊತ್ತಿಲ್ಲದೇನು? ನನ್ನ ಮಗ ಮುಜಫರ ತನ್ನ ಗ್ರೂಪಿನಾಗೂ ಕೇಳ್ಯಾನ. ಪಂಜಾ ಕೂಡಸೋದು ಅತಿ ಆತಂತ. ಅಲ್ಲೂ ಬ್ಯಾಡ ಅಂದವರೇ ಭಾಳ. ನಿಮ್ಮ ಓಣಿ, ನಮ್ಮ ಓಣಿ ಒಂದ ಮಾತಿಗೆ ಬಂದಾವ ನೋಡು, ತಮ್ಮಾ.”

ಮಾನಪ್ಪ ನಗಲಿಲ್ಲ. “ಮಗಳಿಗೆ ದಿನ ತುಂಬ್ಯಾವ್ರಿ. ಕಟ್ರಿ, ಕಾಲ್ ಬೀಳ್ತೀನಿ.”

ಮುದುಕ ಕೈ ಒರೆಸಿಕೊಂಡು ಲಾಡಿ ತೆಗೆದ. ಮಾನಪ್ಪ ಗುಂಡಿ ಬಿಚ್ಚಿ ಕೊರಳು ಬಾಗಿಸಿದ. ಅಷ್ಟರಲ್ಲಿ ಬಾಗಿಲಾಚೆ ಬೈಕೊಂದು ನಿಂತ ಸಪ್ಪಳ. ಮಾನಪ್ಪ ಥಟ್ಟನೆ ಅಂಗಿ ಮುಚ್ಚಿಕೊಂಡ.

ಇಸ್ಮಾಯಿಲಸಾಬ ಲಾಡಿಯನ್ನು ಮಡಚಿ ಗೂಡಿನಲ್ಲಿಟ್ಟ.

“ಕುಣಿ ಮುಂದ ಬಂದ್ರ ಕಟ್ತೀನಿ, ಮಾನಪ್ಪ. ಇಲ್ಲಿ ಕಟ್ಟಂಗಿಲ್ಲ.”