ತಂತಿ ಕಳೆದ ಡ್ರಮ್

ನನ್ನ ಗಂಡ ನಂಜೇಶ್ ತೀರಿಕೊಂಡಾಗ ನಾನು ಅಳಲಿಲ್ಲ. ನಂಜನಗೂಡಿನ ನೆಂಟರೆಲ್ಲ ಇದನ್ನು ಗಮನಿಸಿದರು. ಗಮನಿಸಲಿ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಒಂದು ದಿನ ನೆಗಡಿ ಅಂತ ಮಲಗಿದವರಲ್ಲ. ಮೈದಾನದಲ್ಲಿ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ನನಗೆ ಒಳಗೆಲ್ಲ ಜೋಮು ಹಿಡಿದಂತಾಗಿತ್ತು. ಕಾಲಿಗಾದರೆ ಕೊಡವಿಕೊಳ್ಳಬಹುದು.

ಅವರು ಬಿಟ್ಟುಹೋದದ್ದರಲ್ಲಿ ನನ್ನನ್ನು ಹಿಡಿದುಕೊಂಡಿದ್ದು ಒಂದು ಪ್ರಶ್ನೆ ಮಾತ್ರ. ಹೋದ ದೀಪಾವಳಿಯಲ್ಲಿ ಟಿ. ನರಸೀಪುರದ ಗುಜರಿಯಿಂದ ಒಂದು ಹಳೇ ಸೈಡ್ ಡ್ರಮ್ ತಂದಿದ್ದರು. ಕರಿ ಬಣ್ಣ ಬಳಿದಿದ್ದರಿಂದ ಅಂಗಡಿಯವನು ತಗಡೆಂದು ತಿಳಿದು ಪುಡಿಗಾಸಿಗೆ ಕೊಟ್ಟಿದ್ದ. ಇವರು ಉಗುರಿನಿಂದ ಬಣ್ಣ ಕೆರೆದು, ಒಳಗಿನ ಹಿತ್ತಾಳೆ ತೋರಿಸಿ ಕುಣಿದಾಡಿದರು.

"ಇದು ಅಂತಿಂಥದ್ದಲ್ಲ ಕಣೆ ರಮ್ಯ. ಯಾವ ಕಾಲದ್ದು, ಯಾರು ಮಾಡಿದ್ದು ಅಂತ ಕಂಡುಹಿಡಿದೇ ಹಿಡೀತೀನಿ."

ಡ್ರಮ್ ಬೀರುವಿನ ಮೇಲೆ ಕೂತಿತು. ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ನಾನು ಗದರಿದಾಗಲಂತೂ ತಪ್ಪುತ್ತಲೇ ಇರಲಿಲ್ಲ. "ನೋಡು, ನಿನಗೆ ಎದುರುತ್ತರ ಕೊಡೋಕೆ ಈ ಮನೇಲಿ ಒಬ್ಬರಾದರೂ ಬಂದರು" ಎಂದು ನಗುತ್ತಿದ್ದರು. ಅವರು ಹೋದ ಮೇಲೆ ಅದೂ ಸುಮ್ಮನಾಯಿತು. ಉಳಿದವರು ನಾನು, ಅತ್ತೆ ಇಬ್ಬರೇ; ಗಟ್ಟಿಯಾಗಿ ಮಾತಾಡುವವರೇ ಇಲ್ಲದ ಮನೆಯಲ್ಲಿ ಅದಕ್ಕೇನು ಕೆಲಸ ಅಂದುಕೊಂಡೆ.

ಮೊನ್ನೆ ಅದನ್ನು ಅಕ್ಕಿ ಚೀಲಕ್ಕೆ ತುರುಕಿ ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ಇವರ ಗೆಳೆಯ ರಘೂತ್ತಮ ಸಂಗೀತದ ಮೇಷ್ಟ್ರು, ಹಳೇ ವಾದ್ಯಗಳ ಹುಚ್ಚಿನವರು. ಅವರಿಗಾದರೂ ಗೊತ್ತಾದರೆ, ನಂಜೇಶ್ ಕೇಳಿಕೊಂಡು ಹೋದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ನನಗೆ ಬೇಕಾಗಿದ್ದು ಅಷ್ಟೇ.

ರಘೂತ್ತಮ ಡ್ರಮ್ಮನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡರು. ಸುತ್ತ ಬೆರಳಾಡಿಸಿದರು.

"ಎಲ್ಲೂ ಬೆಸುಗೆ ಇಲ್ಲ, ಒಂದೇ ಹಿತ್ತಾಳೆ. ಇಂಗ್ಲೆಂಡಿನದು ಇರಬೇಕು, ಪಟಾಲಮ್ಮಿನ ಬ್ಯಾಂಡಿಗೆ ಮಾಡಿದ್ದು. ಕಂಪನಿ ಬಿಲ್ಲೆ ಕಿತ್ತುಹೋಗಿದೆ." ಬೋರಲು ಹಾಕಿದವರು ಹುಬ್ಬು ಗಂಟಿಕ್ಕಿದರು. "ತಂತಿ ಎಲ್ಲಮ್ಮಾ?"

"ಯಾವ ತಂತಿ?"

"ತಳದಲ್ಲಿ ಸುರುಳಿ ತಂತಿಗಳ ಪಟ್ಟಿ ಇರುತ್ತೆ. ಆ ಗುಂಯ್ ಅನ್ನೋ ಸದ್ದೆಲ್ಲ ಅದರದ್ದೇ. ಅದರ ತುದಿಯ ಪಟ್ಟಿ ಮೇಲೆ ಕಂಪನಿ ಮುದ್ರೆ ಇರಬಹುದು. ಅದು ಸಿಕ್ಕಿದ್ರೆ ಖಂಡಿತವಾಗಿ ಹೇಳ್ತೀನಿ."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇವರ ಉತ್ತರಕ್ರಿಯೆಯ ಶಿವಗಣಾರಾಧನೆಯ ಹಿಂದಿನ ದಿನ ನಮ್ಮ ಅತ್ತೆ ಸಿದ್ದಲಿಂಗಮ್ಮ ಯಾರ ಮಾತೂ ಕೇಳದೆ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದರು. ತಂಬಿಗೆ, ಕೊಳಗ, ಗಂಟೆ, ಕೊನೆಗೆ ಡ್ರಮ್ಮು. ಕರಿ ಬಣ್ಣವೆಲ್ಲ ಹೋಗಿದ್ದು ಅಂದೇ.

ಮನೆಗೆ ಬಂದಾಗ ಅವರು ಹಿತ್ತಲಲ್ಲಿ ಮುದ್ದೆ ಪಾತ್ರೆ ಉಜ್ಜುತ್ತಿದ್ದರು.

"ಅತ್ತೆ, ಡ್ರಮ್ಮಿನ ತಳದಲ್ಲಿ ತಂತಿ ಇತ್ತಲ್ಲ, ಏನಾಯ್ತು?"

"ಓ, ಇದಾ?" ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದರು. "ಇತ್ತಾಳೆ ಬೆಳಗುವಾಗ ಅಡ್ಡ ಬತ್ತಿತ್ತು, ದಾರ ಕುಯ್ದು ತಗ್ದೆ ಕಣವ್ವ. ಸೀದ ತಳ ಉಜ್ಜಕ್ಕೆ ಇದ್ರಂಗೆ ಇನ್ನೊಂದಿಲ್ಲ."

ಕಿತ್ತುಕೊಂಡೆ. ತುದಿಯ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಮುದ್ರೆ ಇತ್ತೋ ಇಲ್ಲವೋ, ಈಗ ನುಣ್ಣಗಿನ ತಗಡು. ಇಷ್ಟು ತಿಂಗಳಲ್ಲಿ ನನಗೆ ಮೊದಲ ಸಲ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿಮ್ಮ ಮಗ ತಿಳ್ಕೋಬೇಕು ಅಂತಿದ್ದದ್ದು ಇದೊಂದೇ. ಅದನ್ನೂ ತಿಕ್ಕಿ ತೊಳೆದುಬಿಟ್ರಲ್ಲ!"

ಅತ್ತೆ ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತೊಳೆದರು, ಸೆರಗಿನಲ್ಲಿ ಒರೆಸಿದರು. ಒಳಗೆ ಹೋಗಿ, ತಮ್ಮ ಕೊರಳಿನ ಲಿಂಗಕ್ಕೆ ಬೇಕಾದೀತೆಂದು ಎತ್ತಿಟ್ಟಿದ್ದ ಹೊಸ ಶಿವದಾರ ತಂದರು.

"ಎಂಗೆ ಕಟ್ಟಿತ್ತು? ಇಂಗಾ?"

ನಾನು ಬಿಗಿ ಹಿಡಿದೆ, ಅವರು ಗಂಟು ಹಾಕಿದರು. ಎರಡು ಕಡೆಯೂ ಎಳೆದು ನೋಡಿದರು. ಆಮೇಲೆ ಡ್ರಮ್ಮಿನ ಮೇಲೆ ಕೈಯಿಟ್ಟು, "ನಂಜೇಸಾ, ತಿಳೀದೆ ಮಾಡ್ದೆ ಕಣಪ್ಪ" ಎಂದರು. ಕೈ ತೆಗೆದು, ಇನ್ನೂ ಗಟ್ಟಿಯಾಗಿ ಕೂಗಿದರು, "ನಂಜೇಸಾ!"

ಡ್ರಮ್ಮು ಗುಂಯ್ ಎಂದಿತು.

ಅವರು ಬೆಚ್ಚಿ ನನ್ನ ಮುಖ ನೋಡಿದರು. ಇದು ತಂತಿಯ ಸದ್ದು, ಅಷ್ಟೇ, ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಅಳು. ತಡೆಯಲಾಗದೆ ದೊಡ್ಡ ದನಿ ತೆಗೆದು ಅಳತೊಡಗಿದೆ. ಅದಕ್ಕೂ ಅದು ಎದುರುತ್ತರ ಕೊಡುತ್ತಲೇ ಇತ್ತು.