ಲಾಭದ ಚೀಲ

ಗದಗ ಹೊಸ ಜಿಲ್ಲೆಯಾಗಿ ಐದಾರು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಮಾರ್ಕೆಟ್ಟಿನಲ್ಲಿ ಅಂದಾನಪ್ಪ ಸಾವಕಾರರ ಶೇಂಗಾ ಚೀಲ ಎಣಿಸಿದ ಅಕ್ಬರಸಾಬನಿಗೆ ಕಳ್ಳನೆಂಬ ಹೆಸರು ತಂದದ್ದು ಒಳಗೆ ಹೋಗುವ ಚೀಲ ಎಣಿಸುವ ಒಂದು ಮಷಿನ್. ಸಾವಕಾರರ ಮಗ ವೀರು ಇಂಜಿನಿಯರಿಂಗ್ ಓದುತ್ತ ಅದನ್ನು ಮಾಡಿ ಗೋದಾಮಿನ ಬಾಗಿಲಿಗೆ ಕೂಡಿಸಿದ್ದ. ಪ್ರತಿ ಗಾಡಿಗೂ ಹೊಸದಾಗಿ ಚಾಲೂ ಮಾಡಬೇಕು. ಅಕ್ಬರಸಾಬ ನಲವತ್ತು ಅಂದರೆ ಅದು ಮೂವತ್ತೊಂಬತ್ತು ಅನ್ನುತ್ತಿತ್ತು. ಒಳಗಿನ ರಾಶಿ ಎಣಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ಬಡವನನ್ನು ಕಳ್ಳ ಅನ್ನುವುದು ಅದಕ್ಕಿಂತ ಸುಲಭ.

"ನಾ ಕದ್ದಿಲ್ರಿ," ಅಂದ ಅಕ್ಬರಸಾಬ.

"ಮಷಿನ್ ಸುಳ್ಳ ಹೇಳೂದಿಲ್ಲೋ ಅಕ್ಬರಾ. ನಾಳಿಂದ ಬರಬ್ಯಾಡ," ಅಂದರು ಸಾವಕಾರರು, ಹಮಾಲರೆಲ್ಲರ ಮುಂದೆ.

ಅಕ್ಬರಸಾಬನ ಮಗಳು ನೂರೀನ ಹಲ್ಲು ಕಡಿದಳು. ಅದೇ ಹಮಾಲರ ಮುಂದೆ ಅಂದಾನಪ್ಪನ ಬಾಯಿಂದಲೇ ಅಪ್ಪನ ಹೆಸರು ತೊಳೆಸಬೇಕು. ಅದಕ್ಕೆ ಮೊದಲು ಮಷಿನ್ನಿನ ಭಾಷೆ ಬರಬೇಕು. ಡಿಪ್ಲೊಮಾ ಓದಿದ ಖಾತುನಬಿ ಬೆಟಗೇರಿಯಲ್ಲಿ ಮೈಕ್ರೊಕಂಟ್ರೋಲರ್, ಅಂದರೆ ಇಂಥ ಮಷಿನ್ನುಗಳ ಮಿದುಳಾದ ಚಿಪ್, ನಡೆಸುವುದನ್ನು ಕಲಿಸುತ್ತಿದ್ದಳು. ನೂರೀನ ಅಲ್ಲಿಗೆ ಹೋಗಿ ಕುಳಿತಳು. ಆ ಚಿಪ್ಪಿಗೆ ತಿಳಿಯುವ ಅಸೆಂಬ್ಲಿ ಹಟಮಾರಿ ಭಾಷೆ. ಒಂದು ಸಾಲಿಗೆ ಒಂದೇ ಕೆಲಸ: ಈ ಅಂಕಿ ಅಲ್ಲಿಡು, ಒಂದು ಕೂಡು, ಸ್ವಿಚ್ ಒತ್ತುವ ತನಕ ಕಾಯಿ. ಹೇಳದ್ದನ್ನು ಮಾಡುವುದಿಲ್ಲ, ಹೇಳಿದ್ದನ್ನು ಬಿಡುವುದಿಲ್ಲ. ಸೇಡಿನವರಿಗೆ ಹೇಳಿ ಮಾಡಿಸಿದ ಭಾಷೆ ಅನ್ನಿ.

ಎರಡು ತಿಂಗಳಿಗೆ ಅವಳ ಮೊದಲ ಎಣಿಕೆಯ ಪ್ರೋಗ್ರಾಂ ಓಡಿತು. ಸ್ವಿಚ್ ಹತ್ತು ಸಲ ಒತ್ತಿದರೆ ಒಂಬತ್ತು ಬಂತು.

"ಮೊದಲ್ನೇ ಸಲಕ್ಕ ಸೊನ್ನಿ ಯಾಕ ಇಟ್ಟಿ?" ಖಾತುನಬಿ ಕೇಳಿದಳು.

"ಮೊದಲ್ನೇದ ಲಾಭ ಅಲ್ಲೇನ್ರಿ ಅಕ್ಕಾ?" ಅಂದವಳೇ ತನ್ನ ಸಾಲುಗಳನ್ನು ಮತ್ತೆ ಓದಿದಳು. ಮಾರ್ಕೆಟ್ಟಿನಲ್ಲಿ ಎಣಿಸುವವರು ಒಂದು ಅನ್ನುವುದಿಲ್ಲ, ಶುಭಕ್ಕೆಂದು ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಅದನ್ನೇ ಕೇಳಿ ಬೆಳೆದವಳು ಲಾಭವನ್ನು ಬದಿಗಿಟ್ಟು ಎಣಿಕೆ ಶುರುಮಾಡಿದ್ದಳು. ವೀರುವೂ ಅದೇ ಮಾರ್ಕೆಟ್ಟಿನ ಕೂಸು! ಅವನ ಮಷಿನ್ನೂ ಪ್ರತಿ ಗಾಡಿಯ ಮೊದಲ ಚೀಲ ಬಿಟ್ಟೇ ಎಣಿಸುತ್ತಿರಬೇಕು.

ಮರುದಿನ ಬೆಳ್ಳಟ್ಟಿಯ ಟ್ರ್ಯಾಕ್ಟರ್ ನಲವತ್ತು ಚೀಲ ತಂದಾಗ ಅವಳು ಗೋದಾಮಿನ ಮುಂದೆ ನಿಂತಿದ್ದಳು.

"ಸಾವಕಾರ್ರ, ಇವತ್ತ ನೀವ ಎಣಸ್ರಿ. ಮಷಿನ್ ಖರೆ ಇದ್ದರ ಅಂಜಿಕಿ ಯಾಕ?"

ಹಮಾಲರು ಹೊತ್ತ ಚೀಲ ಕೆಳಗಿಟ್ಟರು. ಬೆಳ್ಳಟ್ಟಿಯ ರೈತರೂ "ಎಣಸ್ರಿ, ನಾವೂ ನೋಡತೀವಿ" ಅಂದರು. ಅಂದಾನಪ್ಪ ಮೀಸೆ ತಿರುವಿ, ಮಷಿನ್ ಚಾಲೂ ಮಾಡಿಸಿ, ಬಾಗಿಲಲ್ಲಿ ನಿಂತರು. ಲಾಭ, ಎರಡು, ಮೂರು... ಒಂದು ಚೀಲವೂ ಕಣ್ಣು ತಪ್ಪಲಿಲ್ಲ. "ನಲವತ್ತು!" ಎಂದು ಕೂಗಿ ತಿರುಗಿ ನೋಡಿದರು.

ಮಷಿನ್ನಿನ ಕೆಂಪು ಅಂಕಿ ಮೂವತ್ತೊಂಬತ್ತು ತೋರಿಸುತ್ತಿತ್ತು.

ಅದನ್ನು ಸರಿಮಾಡಲು ಪ್ರೋಗ್ರಾಂನಲ್ಲಿ ಒಂದೇ ಸಾಲು ಸಾಕಿತ್ತು. ನೂರೀನ ಅದನ್ನು ಹೇಳಲಿಲ್ಲ.

"ಮಷಿನ್ ಸುಳ್ಳ ಹೇಳೂದಿಲ್ಲ ಅಂದಿದ್ರಿ. ಒಂದ ಚೀಲ ಕಮ್ಮಿ ಐತಿ. ಬಾಗಲದಾಗ ನಿಂತಾವ್ರು ನೀವೊಬ್ಬರ. ನಿಮಗ ಏನಂತ ಕರೀಬೇಕ್ರಿ?"

ಹಮಾಲನೊಬ್ಬ ಫಕ್ಕನೆ ನಕ್ಕ. ಅಂದಾನಪ್ಪನ ಮುಖ ಕಪ್ಪಿಟ್ಟಿತು.

"ನಾ ಕದ್ದಿಲ್ಲವಾ," ಅಂದರು.

"ನಮ್ಮ ಅಬ್ಬಾನೂ ಇದನ್ನೇ ಹೇಳಿದ್ರು," ಅಂದಳು ನೂರೀನ.